ಸಹಾಯ ಬೇಕು: ಬ್ರಿಟನ್‌ನಿಂದ ನ್ಯೂಜೆರ್ಸಿಗೆ ಹೋಗುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಾವು ರೆಡಿಂಗ್‌ನಲ್ಲಿದ್ದೇವೆ, ಕಂಪನಿಯವರು ಎಲ್-1 ವೀಸಾದಲ್ಲಿ ನ್ಯೂಜೆರ್ಸಿಗೆ ಕಳಿಸುತ್ತಿದ್ದಾರೆ. ಹೀಗೆ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನನಗೆ ಜಾಸ್ತಿ ಚಿಂತೆ ಐಎಲ್‌ಆರ್‌ದು, ಅಂದರೆ ಬ್ರಿಟನ್‌ನಲ್ಲಿ ಕಾಯಂ ಆಗಿ ಇರುವ ಅನುಮತಿಯದು. 2 ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ಹೊರಗಿದ್ದರೆ ಅದು ಹೋಗಿಬಿಡುತ್ತದೆ, ಅಷ್ಟು ವರ್ಷ ಕಾದು ಪಡೆದದ್ದನ್ನು ಸುಮ್ನೆ ಬಿಡೋಕೆ ಮನಸ್ಸಿಲ್ಲ, ಪೌರತ್ವ ತಗೊಂಡು ಹೋಗೋಣ ಅಂದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು ಅಲ್ವಾ. ನೀವೇನು ಮಾಡಿದಿರಿ?

ಐಸಾಗೆ (ಬ್ರಿಟನ್‌ನ ಉಳಿತಾಯ-ಹೂಡಿಕೆ ಖಾತೆ) ಇಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಅದರಲ್ಲಿರುವ ಫಂಡ್‌ಗಳನ್ನು ಹೊರಡುವ ಮುಂಚೆಯೇ ಮಾರಿದಿರಾ? ಇಲ್ಲಿನ ಕ್ರೆಡಿಟ್ ಹಿಸ್ಟರಿ ಅಲ್ಲಿ ನಡೆಯುವುದಿಲ್ಲವಲ್ಲ, ಬಾಡಿಗೆ ಮನೆಗೆ ಅಡ್ವಾನ್ಸ್ ಜಾಸ್ತಿ ಕೇಳಿದರಾ?

ಇನ್ನೊಂದು, ಊರಿಂದ ತಂದ ಗ್ರೈಂಡರ್ 230 ವೋಲ್ಟ್‌ದು, ಅಲ್ಲಿ 120. ಟ್ರಾನ್ಸ್‌ಫಾರ್ಮರ್ ಇಟ್ಟು ದೋಸೆ ಹಿಟ್ಟು ರುಬ್ಬುತ್ತಿರುವವರು ಇದ್ದೀರಾ?