ಡೀಲರ್ ತೋರಿಸಿದ ಎಫ್‌ಡಿಎ ಸರ್ಟಿಫಿಕೇಟ್ ನಂಬಬಹುದಾ?

ಪ್ರಶ್ನೆ (ಲ್ಯಾಬ್ ಟೆಕ್ನೀಷಿಯನ್, ಕುಮಟಾ): ಶುಗರ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಎಸ್‌ಜಿಪಿಟಿ (ಲಿವರ್ ಪರೀಕ್ಷೆ) ಮಾಡಲು ಹೊಸ ಸೆಮಿ ಆಟೋ ಅನಲೈಜರ್, ಅಂದರೆ ಬೆಳಕು ಹಾಯಿಸಿ ರಕ್ತಪರೀಕ್ಷೆ ಮಾಡುವ ಮಷೀನು, ತಗೊಳ್ಳಬೇಕು. ಹೊರದೇಶದ ಮಷೀನು. ಡೀಲರ್ ಚಿನ್ನದ ಬಣ್ಣದ ಸೀಲ್ ಇರುವ ಕಾಗದ ತೋರಿಸಿ, "ಅಮೆರಿಕದ ಎಫ್‌ಡಿಎ ಅಪ್ರೂವ್ಡ್, ಬೇರೇನೂ ಬೇಡ" ಅನ್ನುತ್ತಾನೆ. ಹೌದಾ?

ಉತ್ತರ (ಬಯೋಮೆಡಿಕಲ್ ಎಂಜಿನಿಯರ್, ಕಾರವಾರ): ಆ ಕಾಗದವನ್ನು ಪಕ್ಕಕ್ಕಿಡಿ. ವೈದ್ಯಕೀಯ ಉಪಕರಣಗಳಿಗೆ ಎಫ್‌ಡಿಎ (ಅಮೆರಿಕದಲ್ಲಿ ಔಷಧ, ಉಪಕರಣ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೊಡುವುದೇ ಇಲ್ಲ. ಸೀಲ್ ಹೊಡೆದು ಕೊಡುವವರು ಖಾಸಗಿ ಏಜೆಂಟರು.

ಇನ್ನೊಂದು ತಮಾಷೆ ನೋಡಿ. ಕ್ಲಿನಿಕಲ್ ಲ್ಯಾಬ್‌ನ ಕಲರಿಮೀಟರ್, ಫೋಟೋಮೀಟರ್, ಸ್ಪೆಕ್ಟ್ರೋಫೋಟೋಮೀಟರ್ ಅಮೆರಿಕದಲ್ಲಿ ಕ್ಲಾಸ್ 1, ಅಂದರೆ ಅತಿ ಕಡಿಮೆ ಅಪಾಯದ ವರ್ಗ. ನಿಮ್ಮ ಅನಲೈಜರ್ ಕೂಡ ಒಂದು ಫೋಟೋಮೀಟರೇ. ಸಾಮಾನ್ಯವಾಗಿ ಇವಕ್ಕೆ 510(ಕೆ), ಅಂದರೆ ಮಾರುವ ಮೊದಲು ಎಫ್‌ಡಿಎಗೆ ಕೊಡುವ ಅರ್ಜಿಯಿಂದಲೇ ವಿನಾಯ್ತಿ ಇದೆ. ಆ ಅರ್ಜಿ ಬೇಕಾದ ಉಪಕರಣಕ್ಕೂ ಸಿಗುವುದು 'ಕ್ಲಿಯರೆನ್ಸ್'. ಅಂದರೆ ಮೊದಲೇ ಮಾರುಕಟ್ಟೆಯಲ್ಲಿರುವ ಇನ್ನೊಂದಕ್ಕೆ ಇದು ಸಮಾನ ಅಂತ ಒಪ್ಪಿದ್ದು ಅಷ್ಟೇ. 'ಅಪ್ರೂವಲ್' ಬೇರೆಯೇ ದಾರಿ, ಅದು ಹೆಚ್ಚಾಗಿ ಕ್ಲಾಸ್ 3ಕ್ಕೆ, ಅಂದರೆ ಹೆಚ್ಚು ಅಪಾಯದ ಉಪಕರಣಗಳಿಗೆ. ಕ್ಲಿಯರೆನ್ಸ್ ಇದೆ ಅಂದರೆ 'ಕೆ' ಅಕ್ಷರದ ನಂಬರ್ ಕೇಳಿ. ಎಫ್‌ಡಿಎ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು.

ನಿಮಗೆ ಬೇಕಾದದ್ದು ನಮ್ಮ ದೇಶದ ಕಾಗದ. 2017ರ ವೈದ್ಯಕೀಯ ಉಪಕರಣ ನಿಯಮಗಳ ಪ್ರಕಾರ ಆಮದು ಲೈಸೆನ್ಸ್ ಕೊಡುವುದು ದೆಹಲಿಯ ಸಿಡಿಎಸ್‌ಸಿಓ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ), ಎಂಡಿ-15 ಫಾರಂನಲ್ಲಿ. ಅದರಲ್ಲಿ ನೀವು ಕೊಳ್ಳುವ ಮಾಡೆಲ್ ಹೆಸರೇ ಇರಬೇಕು. ಕಂಪನಿಯ ಹೆಸರು ಮಾತ್ರ ಇದ್ದರೆ ಸಾಲದು. ಮಾರುವವನ ಹತ್ತಿರ ಎಂಡಿ-42, ಅಂದರೆ ಉಪಕರಣ ಮಾರುವವರ ನೋಂದಣಿ ಇದೆಯಾ, ಅದನ್ನೂ ಕೇಳಿ.

ಪ್ರಶ್ನೆ (ಶಿರಸಿಯಿಂದ): ಲೈಸೆನ್ಸ್ ಇದ್ದರೆ ರಿಪೋರ್ಟ್ ಸರಿ ಬರುತ್ತದೆ ಅಂತಾನಾ ಸರ್? ನಮ್ಮದು ಮಳೆಗಾಲದಲ್ಲಿ ಎಸ್‌ಜಿಪಿಟಿ ಮಾತ್ರ ಏರುಪೇರು. ಶುಗರ್ ಸರಿ ಇದೆ.

ಉತ್ತರ: ಇಲ್ಲ. ಲೈಸೆನ್ಸ್ ಬೇರೆ, ನಿಮ್ಮ ಮೇಜಿನ ಮೇಲಿರುವ ಮಷೀನಿನ ಇವತ್ತಿನ ಸ್ಥಿತಿ ಬೇರೆ. ಎಸ್‌ಜಿಪಿಟಿ ಓದುವುದು 340 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಶುಗರ್ ಸುಮಾರು 505ರಲ್ಲಿ. ಹ್ಯಾಲೋಜನ್ ದೀಪ 340ರ ಹತ್ತಿರ ಮೊದಲೇ ಮಂಕು. ದೀಪ ಹಳೆಯದಾದರೆ, ತೇವಕ್ಕೆ ಫಿಲ್ಟರ್ ಲೇಪನ ಹಾಳಾದರೆ, ಲೆನ್ಸ್ ಮೇಲೆ ಬೂಸ್ಟು ಹಿಡಿದರೆ, ಏಟು ಮೊದಲು ಬೀಳುವುದು ಅಲ್ಲೇ. ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ), 37 ಡಿಗ್ರಿ ಬಿಸಿ ಎರಡನ್ನೂ ಒಮ್ಮೆ ನೋಡಿ, ಆಮೇಲೆ ಕೆಳಗಿನ ಪರೀಕ್ಷೆ ಮಾಡಿ.

ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನು ಆಮ್ಲದಲ್ಲಿ ಮಾಡಿ, ಅದೇ ಆಮ್ಲದಿಂದ ಅರ್ಧ, ಕಾಲು ಅಂತ ತೆಳು ಮಾಡುತ್ತಾ 340ರಲ್ಲಿ ಓದಿ. ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಎಷ್ಟು ಹೀರಿತು ಅನ್ನುವ ಅಳತೆ) ಕೂಡ ಅರ್ಧ, ಕಾಲು ಆಗಬೇಕು. ಮೇಲಿನ ತುದಿಯಲ್ಲಿ ಬಾಗಿದರೆ ದಾರಿ ತಪ್ಪಿದ ಬೆಳಕು ಒಳಗೆ ಬರುತ್ತಿದೆ. ಅಬ್ಸಾರ್ಬೆನ್ಸ್ 2 ಅಂದರೆ ಬೆಳಕಿನ ಶೇ. 1 ಮಾತ್ರ ದಾಟಿದೆ. ಅಲ್ಲಿ ಒಂದಿಷ್ಟು ಕಳ್ಳ ಬೆಳಕು ಸೇರಿದರೂ ಲೆಕ್ಕ ಕೆಟ್ಟಿತು. ಡೈಕ್ರೋಮೇಟ್ ವಿಷ, ಗ್ಲೌಸ್ ಹಾಕಿ, ಸಿಂಕಿಗೆ ಸುರಿಯಬೇಡಿ.

ಕುಮಟಾದವರು: ಡೀಲರ್‌ಗೆ ಎಂಡಿ-15 ಕೇಳಿದೆ. ಇನ್‌ವಾಯ್ಸ್ ಜೊತೆ ಆಮೇಲೆ ಕಳಿಸುತ್ತಾನಂತೆ.

ಉತ್ತರ: ಅಡ್ವಾನ್ಸ್ ಕೂಡ ಆಮೇಲೆ ಕೊಡಿ. ಲೈಸೆನ್ಸ್ ನಂಬರ್ ಲೇಬಲ್ ಮೇಲೇ ಇರಬೇಕು. ಡೆಮೋ ಮಷೀನಿನ ಹಿಂಬದಿ ಫೋಟೋ ತೆಗೆದು ಇಲ್ಲೇ ಹಾಕಿ, ನೋಡೋಣ.