ಏಳನೇ ಮನೆಯ ‘ನ’ ಮೇಲೆ ನನಗೆ ಅನುಮಾನ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಲು ಕೂತರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ, ಅದಕ್ಕೇ ಮಾತಿನಲ್ಲೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಗುಂಪಿನಲ್ಲಿ ಬೇರೆಯವರಿಗೆ ಬೇಜಾರಾದರೆ ಬಿಟ್ಟುಬಿಡಿ, ಆದರೆ ಮಾವ, ನೀವು ಮಾತ್ರ ಕೇಳಲೇಬೇಕು.

ಪುಟ್ಟಿ ಏನು ಬರೆದಿದ್ದಾಳೆ ಅಂದರೆ, ಒಂದು ತಿಂಗಳಿಂದ ದಿನಾ ಪದಬಂಧ ಬಿಡಿಸುತ್ತಿದ್ದಾಳೆ. ಕೊನೆಯ ಮೂರು ನಾಲ್ಕು ಮನೆಗಳಲ್ಲಿ ಯಾವಾಗಲೂ ಸಿಕ್ಕಿಹಾಕಿಕೊಳ್ಳುತ್ತಾಳೆ. ಆಮೇಲೆ ಮೊಬೈಲಿನಲ್ಲಿ ‘ಉತ್ತರ ತೋರಿಸು’ ಒತ್ತಿಬಿಡುತ್ತಾಳೆ. ಒತ್ತಿದ ಮೇಲೆ ಖುಷಿಯೇ ಇಲ್ಲ, ಇದು ಮೋಸವಾ, ಬಿಟ್ಟುಬಿಡಲಾ ಅಂತ ಕೇಳಿದ್ದಾಳೆ. ಅದಕ್ಕೆ ಮಾವ, ಅಷ್ಟು ಹೊತ್ತಿನಲ್ಲಿ ಉಪಯೋಗದ ಕೆಲಸ ಏನಾದರೂ ಮಾಡಬಹುದು ಅಂದಿದ್ದಾರೆ.

ಮೊದಲು ಪುಟ್ಟಿಗೆ. ಮೋಸ ಏನೂ ಇಲ್ಲ ಕಂದಾ. ಆದರೆ ಖುಷಿ ಹೋಗಿದ್ದು ನಿಜ, ಅದಕ್ಕೆ ಕಾರಣವೂ ಇದೆ. ಅರ್ಧ ಗಂಟೆ ಪದವೊಂದು ಬಾಯಿಗೆ ಬಾರದೆ ಸತಾಯಿಸುತ್ತದೆ. ಆಮೇಲೆ ಬೇರೇನೋ ಮಾಡುತ್ತಿರುವಾಗ ಥಟ್ಟನೆ ಹೊಳೆಯುತ್ತದೆ. ಆ ಒಂದು ಕ್ಷಣಕ್ಕೆ ತಾನೇ ನಾವು ಇಷ್ಟೆಲ್ಲ ಕಾಯುವುದು? ಬಟನ್ ಒತ್ತಿದರೆ ಪದ ಸಿಗುತ್ತದೆ, ಆ ಕ್ಷಣ ಮಾತ್ರ ಸಿಗುವುದಿಲ್ಲ. ಅದು ನಿನಗೇ ಗೊತ್ತಾಗಿದೆ, ಇಲ್ಲದಿದ್ದರೆ ನೀನು ಕೇಳುತ್ತಲೇ ಇರಲಿಲ್ಲ.

ಇಷ್ಟು ವರ್ಷ ಬಿಡಿಸಿ ನಾನು ಕಲಿತ ಒಂದು ವಿಷಯ ಹೇಳುತ್ತೇನೆ. ಸಿಕ್ಕಿಹಾಕಿಕೊಂಡಾಗ ಖಾಲಿ ಮನೆಗಳನ್ನು ದಿಟ್ಟಿಸಬೇಡ. ತುಂಬಿದ ಮನೆಗಳನ್ನು ನೋಡು. ಅದರಲ್ಲೂ ಯಾವುದು ಖಂಡಿತ ಸರಿ ಅಂತ ನಿನಗೆ ಅನ್ನಿಸಿದೆಯೋ ಅದನ್ನೇ ಮೊದಲು ಅನುಮಾನಿಸು.

ಒಂದು ಸಲ ಏನಾಯಿತು ಗೊತ್ತಾ? ಸುಳಿವು ‘ಕಮಲ’, ಮೂರು ಅಕ್ಷರ. ನಾನು ಯೋಚನೆಯನ್ನೇ ಮಾಡದೆ ‘ಪಂಕಜ’ ಅಂತ ಬರೆದೆ. ಪಂಕಜ ಅಲ್ಲದಿದ್ದರೆ ನೀರಜ, ವಾರಿಜ, ಜಲಜ, ಸರೋಜ, ಅಂಬುಜ. ಯಾವುದಾದರೂ ಇರಲಿ, ಕೊನೆಯ ಅಕ್ಷರ ‘ಜ’ ತಾನೇ? ಆ ಒಂದು ಮನೆಯ ಬಗ್ಗೆ ನನಗೆ ಸ್ವಲ್ಪವೂ ಚಿಂತೆ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಬರುವ ಇನ್ನೊಂದು ಪದ ಅದೇ ‘ಜ’ ಮೇಲೆ ಮುಗಿಯಬೇಕಿತ್ತು. ಅದರ ಸುಳಿವು ‘ಮಕ್ಕಳ ಮೇಲೆ ಹಿರಿಯರಿಗೆ ಇರುವುದು’. ಮೊದಲ ಅಕ್ಷರ ‘ಅ’ ಅಂತ ಆಗಲೇ ಸಿಕ್ಕಿತ್ತು. ಅ, ಖಾಲಿ, ಜ. ಅನುಜ, ಅಗ್ರಜ... ತಮ್ಮ ಬಂದ, ಅಣ್ಣ ಬಂದ, ಒಂದೂ ಕೂರಲಿಲ್ಲ. ಹಾಳೆ ಮಡಚಿಟ್ಟು ಎದ್ದೆ. ಸಂಜೆ ಬಟ್ಟೆ ಮಡಚುತ್ತಿದ್ದಾಗ ‘ಅಕ್ಕರೆ’ ಅನ್ನುವ ಪದ ತಾನಾಗಿಯೇ ಬಂತು. ಹಾಗಾದರೆ ಕೊನೆಯ ಮನೆ ‘ರೆ’! ಕಮಲ ಅಂದರೆ ‘ತಾವರೆ’! ಸಂಸ್ಕೃತದ ಹೂವನ್ನೆಲ್ಲ ಹುಡುಕಿದ್ದೆ, ನಮ್ಮದೇ ತಾವರೆ ಕಣ್ಣ ಮುಂದೆ ಇತ್ತು. ಬಟ್ಟೆ ಅಲ್ಲೇ ಬಿಟ್ಟು ಓಡಿಬಂದು ಅಳಿಸಿ ಬರೆದೆ. ಆ ಎರಡು ಪದ ಒಂದಕ್ಕೊಂದು ಸೇರಿಕೊಂಡದ್ದನ್ನು ನೋಡಿ ಆದ ಸಂತೋಷ ಇವತ್ತಿಗೂ ನೆನಪಿದೆ.

ಅದಕ್ಕೇ ಪೆನ್ನಿನಲ್ಲಿ ಬರೆಯಬೇಡ ಅನ್ನುವುದು. ಪೆನ್ನಿನಲ್ಲಿ ಬರೆದ ತಪ್ಪು ನೋಡ್ತಾ ನೋಡ್ತಾ ಸರಿ ಅನ್ನಿಸಲು ಶುರುವಾಗುತ್ತದೆ. 1924ರಲ್ಲಿ ಅಮೆರಿಕದಲ್ಲಿ ಪದಬಂಧಗಳ ಮೊದಲ ಪುಸ್ತಕ ಬಂದಾಗ ಅದರ ಜೊತೆಗೆ ಒಂದು ಪೆನ್ಸಿಲ್ಲನ್ನೂ ಕೊಟ್ಟಿದ್ದರು. ಎಷ್ಟು ತಿಳಿದವರು ನೋಡು.

ಇನ್ನೊಂದು ಮಾತು. ಇಂಗ್ಲಿಷ್ ಪದಬಂಧ ಬಿಡಿಸುವ ಗೆಳತಿಯರು ಸುಲಭವಾಗಿ ಮುಗಿಸುತ್ತಾರೆ, ನನಗೆ ಕನ್ನಡದ್ದೇ ಕಷ್ಟ ಅಂತ ನೀನು ಕೊರಗಿದ್ದೆ. ಎರಡರ ಲೆಕ್ಕವೇ ಬೇರೆ. ಅಲ್ಲಿ ಒಂದು ಮನೆಗೆ ಬರುವುದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ ಬರೀ ‘ಕ’ ಅಂತ ಗೊತ್ತಾದರೆ ಸಾಲದು. ಕ, ಕಾ, ಕಿ, ಕೀ ಅಂತ ಇಡೀ ಕಾಗುಣಿತ ಇದೆ. ಅದರ ಮೇಲೆ ಒತ್ತಕ್ಷರ ಬೇರೆ. ‘ಸಂಭ್ರಮ’ ಬರೆದರೆ ಮೂರೇ ಮನೆ, ನಡುವಿನ ಮನೆಯಲ್ಲಿ ‘ಭ್ರ’ ಪೂರ್ತಿ ಕೂರಬೇಕು. ಹಾಗಾಗಿ ಒಂದು ಮನೆಯನ್ನು ಊಹಿಸುವುದು ನಮಗೆ ಕಷ್ಟ. ಆದರೆ ಒಂದು ಮನೆ ಸಿಕ್ಕಿತು ಅಂದರೆ ಮೂರಕ್ಷರದ ಪದದಲ್ಲಿ ಮೂರನೇ ಒಂದು ಭಾಗವೇ ಕೈಗೆ ಬಂದ ಹಾಗೆ. ಸಿಕ್ಕಾಗ ಸಿಗುವ ಬಲವೂ ಜಾಸ್ತಿ. ನನಗಂತೂ ಈ ಒಂದು ಗುಣಕ್ಕೇ ಕನ್ನಡದ ಪದಬಂಧ ಇಷ್ಟ.

‘ಬಸ್’, ‘ಪೆನ್’ ಥರದ ಪದ ಬಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ‘ಸ್’ ಒಂದೇ ಒಂದು ಮನೆ ಹಿಡಿದು ಕೂರುತ್ತದೆ. ಅದರಿಂದ ಇನ್ನೊಂದು ಪದ ಶುರುವಾಗುವ ಹಾಗೂ ಇಲ್ಲ. ಇದಕ್ಕಿಂತ ಸಿಟ್ಟು ಬಂದದ್ದು ಒಂದೇ ದಿನ. ಚೌಕ ಆ ದಿನದ್ದು, ಸುಳಿವುಗಳು ಹಿಂದಿನ ದಿನದ್ದು ಅಚ್ಚಾಗಿದ್ದವು. ನನಗೇ ತಲೆ ಓಡುತ್ತಿಲ್ಲ ಅಂದುಕೊಂಡು ಮುಕ್ಕಾಲು ಗಂಟೆ ಒದ್ದಾಡಿದೆ. ಬಿಡಿಸುವವರ ಬೆಳಗಿನ ಹೊತ್ತಿಗೂ ಬೆಲೆ ಇದೆ ಅಲ್ವಾ? ಆದರೆ ಈ ಆಟಕ್ಕೆ ಇಂಗ್ಲಿಷಿನಲ್ಲಿ ಹೆಸರು ಬಂದದ್ದೇ ಅಚ್ಚಿನ ತಪ್ಪಿನಿಂದ. ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲನೆಯದನ್ನು ಪ್ರಕಟಿಸಿದಾಗ ಅದರ ಹೆಸರು ‘ವರ್ಡ್-ಕ್ರಾಸ್’. ಕೆಲವೇ ವಾರಗಳಲ್ಲಿ ಅಚ್ಚಿನ ಮೊಳೆ ಜೋಡಿಸುವವರ ಕೈತಪ್ಪಿನಿಂದ ಅದು ‘ಕ್ರಾಸ್-ವರ್ಡ್’ ಆಯಿತು, ಹಾಗೇ ಉಳಿಯಿತು.

ಮಾವ, ಈಗ ನಿಮಗೆ. ನೀವು ಹೇಳಿದ್ದನ್ನೇ 1924ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತು. ಪದಬಂಧ ಅಂದರೆ ಪಾಪ ಅನ್ನುವಷ್ಟು ಕಾಲ ಹಾಳು ಅಂತ. ಅದೇ ಪತ್ರಿಕೆ 1942ರ ಫೆಬ್ರುವರಿಯಲ್ಲಿ ತಾನೇ ಭಾನುವಾರದ ಪದಬಂಧ ಶುರು ಮಾಡಿತು. ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಕೆಟ್ಟ ಸುದ್ದಿ ಓದಿ ಓದಿ ದಣಿದ ಓದುಗರಿಗೆ ಬೇರೆ ಏನಾದರೂ ಬೇಕು ಅಂತ ಅವರಿಗೆ ಅನ್ನಿಸಿತ್ತು. 1950ರಿಂದ ದಿನವೂ ಬರತೊಡಗಿತು. ನನಗೂ ಅಷ್ಟೇ. ಮನಸ್ಸು ಸರಿಯಿಲ್ಲದ ದಿನ ಎಷ್ಟೋ ಸಲ ಆ ಚೌಕವೇ ನನ್ನನ್ನು ಕೈಹಿಡಿದು ಕೂರಿಸಿದೆ. ಅಷ್ಟು ಹೊತ್ತು ಬೇರೆ ಯಾವುದೂ ತಲೆಗೆ ಬರುವುದಿಲ್ಲ. ಇದು ಉಪಯೋಗ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಮತ್ತೆ ಪದಗಳು! ಇಭ ಅಂದರೆ ಆನೆ, ಅಹಿ ಅಂದರೆ ಹಾವು, ಪಿಕ ಅಂದರೆ ಕೋಗಿಲೆ. ಇವನ್ನೆಲ್ಲ ನಾನು ಕಲಿತದ್ದು ಪದಬಂಧದಿಂದಲೇ. ಎರಡೇ ಮನೆಯ ಜಾಗಕ್ಕೆ ಪ್ರಾಣಿ ಬೇಕಾದಾಗಲೆಲ್ಲ ಇವೇ ಬರುತ್ತವೆ. ಈಗ ಎದುರಾದರೆ ಹಳೇ ಪರಿಚಯದವರನ್ನು ಕಂಡ ಹಾಗಾಗುತ್ತದೆ. ಇನ್ನು ಕೆಲವು ಸುಳಿವು ಬರೆಯುವವರು ಎಷ್ಟು ಪ್ರೀತಿಯಿಂದ ಬರೆಯುತ್ತಾರೆ ಅಂದರೆ, ‘ಬೆಳಗಾಗುತ್ತಲೇ ಬರುವ ಗೆಳೆಯ’, ಎರಡಕ್ಷರ. ಮಿತ್ರ! ಗೆಳೆಯನೂ ಹೌದು, ಸೂರ್ಯನೂ ಹೌದು. ‘ಕೊರಳ ಹಾರ ಹಿಂದುಮುಂದಾದರೆ ಹಣ್ಣಿನ ಸಾರ’, ಅಂದರೆ ಸರ ತಿರುಗಿ ರಸ. ಇಂಥ ಸುಳಿವು ಸಿಕ್ಕ ದಿನ ಅದನ್ನು ಬರೆದವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹಾಂ, ನಿಘಂಟು ನೋಡಬಹುದಾ ಅಂತ ಕೇಳಿದ್ದೆ ಅಲ್ವಾ? ಧಾರಾಳವಾಗಿ ನೋಡು. ಒಂದು ಪದ ಹುಡುಕಲು ಹೋಗಿ ಹತ್ತು ಪದ ಓದುತ್ತೀಯ. ಇಡೀ ಸುಳಿವನ್ನೇ ಇಂಟರ್‌ನೆಟ್ಟಿನಲ್ಲಿ ಹಾಕಿ ಹುಡುಕುವುದು ನನಗೆ ಇಷ್ಟವಿಲ್ಲ. ಅದು ಬಟನ್ ಒತ್ತಿದ ಹಾಗೇ. ಮರುದಿನ ಉತ್ತರ ಬಂದ ಮೇಲೆ ನೋಡು. ಬಿಟ್ಟುಹೋದ ಪದವನ್ನು ಪೆನ್ಸಿಲ್ಲಿನಲ್ಲಿ ಆ ಮನೆಗಳಲ್ಲೇ ಬರೆ. ಕೈಯಲ್ಲಿ ಬರೆದದ್ದು ಮತ್ತೆ ಮರೆಯುವುದಿಲ್ಲ. ಎರಡು ಮನೆ ಖಾಲಿ ಇಟ್ಟುಕೊಂಡು ಮಲಗಿದರೆ ಏನೂ ಆಗುವುದಿಲ್ಲ ಪುಟ್ಟಿ. ನಾನು ಎಷ್ಟೋ ರಾತ್ರಿ ಹಾಗೆ ಮಲಗಿದ್ದೇನೆ, ಬೆಳಿಗ್ಗೆ ಎದ್ದ ಕೂಡಲೇ ಪದ ನಾಲಿಗೆ ಮೇಲೆ ಇದ್ದದ್ದೂ ಉಂಟು.

ಈಗ ನೀನು ಹಾಕಿದ ಫೋಟೋಗೆ ಬರುತ್ತೇನೆ. ಎಡದಿಂದ ಬಲಕ್ಕೆ ಏಳು, ‘ಹುಡುಕಿದರೆ ಸಿಗುವ ದೊರೆ’, ಮೂರಕ್ಷರ. ನಡುವೆ ‘ರ’ ಇದೆ ಅಂತ ನೀನು ‘ನರಪ’ ಬರೆದಿದ್ದೀಯ. ನರಪ ಅಂದರೆ ರಾಜ, ಸರಿಯೇ. ಆದರೆ ಅದೇ ಏಳರಿಂದ ಕೆಳಕ್ಕೆ ‘ಕೊನೆಯೇ ಇಲ್ಲದ್ದು’, ಮೂರಕ್ಷರ. ನಿನ್ನ ಹಾಳೆಯಲ್ಲಿ ನ, ಖಾಲಿ, ತ. ಅದೇ ತಾನೇ ನಿನ್ನನ್ನು ಕಾಡುತ್ತಿರುವುದು? ‘ತ’ ಸರಿಯಾಗಿದೆ, ಅದನ್ನು ಮುಟ್ಟಬೇಡ. ನನಗೆ ಅನುಮಾನ ಆ ‘ನ’ ಮೇಲೆ. ಸುಳಿವಿನಲ್ಲಿ ‘ಹುಡುಕಿದರೆ’ ಅನ್ನುವ ಪದವನ್ನು ಅವರು ಸುಮ್ನೆ ಹಾಕಿಲ್ಲ. ಹುಡುಕು ಅನ್ನುವುದಕ್ಕೆ ಹಳೆಯ ಪದ್ಯಗಳಲ್ಲಿ ಇನ್ನೊಂದು ಪದ ಇದೆ. ನೀನೂ ಶಾಲೆಯಲ್ಲಿ ಓದಿದ್ದೀಯ. ಮೊದಲು ‘ನರಪ’ ಅಳಿಸು, ಮೂರು ಮನೆಯನ್ನೂ ಖಾಲಿ ಮಾಡಿ ನೋಡು. ಗೊತ್ತಾದವರು ಯಾರೂ ಗುಂಪಿನಲ್ಲಿ ಉತ್ತರ ಹಾಕಬೇಡಿ, ಮಾವ, ನೀವೂ ಸೇರಿ. ಅವಳೇ ಬರೆದು ಫೋಟೋ ಕಳಿಸಲಿ.