‘ಮಾಳಿಗೆ ಬಂಗಲೆ’ ಎಂದರೆ ಮಹಡಿ ಮನೆಯೋ, ಮಟ್ಟಸ ಸೂರಿನ ಮನೆಯೋ?

ದಾವಣಗೆರೆಯ ಹಳೆಯ ಪೇಟೆಯಲ್ಲಿರುವ ನಮ್ಮ ತಾಯಿಯ ತವರುಮನೆಯ ಕ್ರಯಪತ್ರವನ್ನು ಓದುತ್ತಿದ್ದೆ. ಛಾಪಾ ಕಾಗದದ ಮೇಲಿನ ಬರಹದಲ್ಲಿ ಸ್ವತ್ತಿನ ವಿವರ ಹೀಗಿದೆ: ‘ಮುಂದೆ ಹೆಂಚಿನ ವರಾಂಡ ಸಹಿತ ಐದು ಅಂಕಣದ ಮಾಳಿಗೆ ಬಂಗಲೆ’. ಮನೆಯ ಚರಿತ್ರೆ ಬರೆಯಲು ಹೊರಟಿರುವ ನನ್ನ ಸೋದರಳಿಯ ಇದನ್ನು ‘ಎರಡಂತಸ್ತಿನ ಬ್ರಿಟಿಷ್ ಬಂಗಲೆ’ ಎಂದು ಬರೆದುಬಿಟ್ಟಿದ್ದಾನೆ. ಆ ಮನೆಗೆ ಮಹಡಿಯೇ ಇಲ್ಲ. ಮೇಲೆ ಹತ್ತಲು ಹಿತ್ತಲಿನಲ್ಲಿ ಒಂದು ಏಣಿ, ಅಷ್ಟೆ. (‘ಬ್ರಿಟಿಷ್’ ಎನ್ನುವುದಕ್ಕೂ ನನ್ನ ತಕರಾರಿದೆ. ಮೈಸೂರು ರಾಜ್ಯದಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ 1881ಕ್ಕೇ ಮುಗಿದು ರಾಜ್ಯ ಒಡೆಯರ ಕೈಗೆ ಮರಳಿತ್ತು. ಕಟ್ಟಿಸಿದವರು ಹತ್ತಿ ವ್ಯಾಪಾರಿಗಳು.)

ತಪ್ಪು ಅವನೊಬ್ಬನದಲ್ಲ. ಗ್ರಂಥಗಳ ಕನ್ನಡದಲ್ಲಿ ಮಾಳಿಗೆ ಎಂದರೆ ಉಪ್ಪರಿಗೆ. ತಮಿಳಿನ ‘ಮಾಳಿಗೈ’ ಅರಮನೆಯನ್ನೇ ಸೂಚಿಸುತ್ತದೆ. ಆದರೆ ನಮ್ಮ ಬಯಲುಸೀಮೆಯಲ್ಲಿ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ, ಸೊಪ್ಪು, ಅದರ ಮೇಲೆ ಚೌಳು ಮಣ್ಣು ಹಾಕಿ ಬಡಿದ ಮಟ್ಟಸ ಸೂರೇ ಮಾಳಿಗೆ. ಒಂದೇ ಅಂತಸ್ತಿದ್ದರೂ ಅದು ಮಾಳಿಗೆ ಮನೆ. ಮೆಣಸಿನಕಾಯಿ ಒಣಹಾಕುವುದು ಮಾಳಿಗೆಯ ಮೇಲೆ. ಶಿಶುನಾಳ ಶರೀಫರ ಹಾಡಿನಲ್ಲಿ ಸೋರುವ ಮಾಳಿಗೆಯೂ ಇದೇ. ಉಪ್ಪರಿಗೆ ಎಂದು ಅರ್ಥ ಮಾಡಿದರೆ ಆ ರೂಪಕವೇ ಕೆಡುತ್ತದೆ. ಪತ್ರದಲ್ಲಿ ‘ಅಂಕಣ’ದ ಲೆಕ್ಕ ಇರುವುದೂ ನನಗೆ ಆಧಾರ. ಎರಡು ತೊಲೆಗಳ ನಡುವಿನ ಜಾಗವೇ ಅಂಕಣವಾದ್ದರಿಂದ ಬರೆದವರ ಕಣ್ಣು ಸೂರಿನ ಕಟ್ಟಿನ ಮೇಲಿತ್ತು.

ಹೀಗೆ ಓದಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಬಂಗಲೆ ಎಂದರೆ ಮೂಲದಲ್ಲಿ ‘ಬಂಗಾಳದ್ದು’, ಸುತ್ತ ಜಗಲಿ ಬಿಟ್ಟು ಇಳಿಜಾರು ಹುಲ್ಲು ಹೊದಿಸಿದ ಅಲ್ಲಿನ ಹಳ್ಳಿಮನೆ. ಇಂಗ್ಲಿಷರು ಅದನ್ನು ತಮ್ಮ ವಾಸಕ್ಕೆ ಒಗ್ಗಿಸಿಕೊಂಡು ಹೆಸರನ್ನೂ ದೇಶದ ತುಂಬ ಹರಡಿದರು. ಇಳಿಜಾರು ಸೂರಿನ ಹೆಸರಿಗೆ ಮಟ್ಟಸ ಸೂರನ್ನು ಗಂಟು ಹಾಕಿದ್ದು ಹೇಗೆ? ಬಹುಶಃ ಆ ಹೊತ್ತಿಗೆ ಬಂಗಲೆ ಎಂಬುದು ಆಕಾರದ ಮಾತಾಗಿ ಉಳಿಯದೆ ಪ್ರತಿಷ್ಠೆಯ ಮಾತಾಗಿತ್ತು. ಇಳಿಜಾರಿರುವುದು ವರಾಂಡಕ್ಕೆ ಮಾತ್ರ, ಅದೂ ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೊರಟ ಬಗೆಯ ಹೆಂಚು ಇಲ್ಲಿಯವರೆಗೆ ಬಂದಿದೆ.

ಒಳಗಿನ ಸೂರು ಮಣ್ಣಿನದಲ್ಲ. ತೇಗದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿಗೆ ನಿಲ್ಲಿಸಿ, ಓರೆಯಾಗಿ ಸಾಲು ಹಾಕಿ, ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆಯನ್ನು ಬಡಿದದ್ದು. ಇಂದಿನ ಗಾರೆಯವರು ಇದನ್ನು ಮದ್ರಾಸ್ ತಾರಸಿ ಎನ್ನುತ್ತಾರೆ. ಪತ್ರದಲ್ಲಿ ‘ತಾರಸಿ’ ಇಲ್ಲವೇ ಇಲ್ಲ. ಹೊಸ ಕಟ್ಟೋಣಕ್ಕೆ ಹಳೆಯ ಹೆಸರನ್ನೇ ಸಾಕು ಮಾಡಿಕೊಂಡರು ಎಂದು ನನ್ನ ಊಹೆ.

ಗೆಳೆಯರೊಬ್ಬರು ಇದು ‘ಮಳಿಗೆ ಬಂಗಲೆ’ ಇರಬೇಕು, ದೀರ್ಘ ಕೈತಪ್ಪಿನಿಂದ ಬಂದಿದೆ ಎಂದರು. ವ್ಯಾಪಾರದ ಊರಾದ್ದರಿಂದ ಮಾತು ಚೆನ್ನಾಗಿಯೇ ಕೂರುತ್ತದೆ. ಆದರೆ ಅದೇ ಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ‘ಉತ್ತರಕ್ಕೆ ಹತ್ತಿ ಮಳಿಗೆ’ ಎಂದು ಹ್ರಸ್ವ ಸ್ಪಷ್ಟವಾಗಿದೆ. ಒಂದೇ ಹಾಳೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆದವರ ಕೈಯನ್ನು ನಾನು ನಂಬುತ್ತೇನೆ.

ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಹಳೆಯ ಪತ್ರಗಳಲ್ಲಿ ‘ಮಾಳಿಗೆ ಬಂಗಲೆ’ಯನ್ನು ಯಾರಾದರೂ ಕಂಡಿದ್ದೀರಾ? ಸುಣ್ಣಗಾರೆಯ ಮಟ್ಟಸ ಸೂರಿಗೆ ನಿಮ್ಮ ಮನೆಯ ಹಿರಿಯರು ಮಾಳಿಗೆ ಎನ್ನುತ್ತಿದ್ದರೋ, ತುಂಗಭದ್ರೆಯ ಆಚೆಯವರಂತೆ ಗಚ್ಚಿ ಎನ್ನುತ್ತಿದ್ದರೋ?